ಕೊಟ್ಟಾರದಲ್ಲಿ ತಿಂದ ಗಡ್ಡೆ

ಇದನ್ನು ಹೇಳಲು ಹಲವು ವರ್ಷ ಹಿಂಜರಿದೆ. ಇವತ್ತು ಕೊಟ್ಟಾರದಲ್ಲಿ ಬಸ್ಸು ಕಾಯುತ್ತಿದ್ದಾಗ, ಒಣಹಣ್ಣಿನ ಅಂಗಡಿಯವರು ಕಡಲೆಯಷ್ಟು ದಪ್ಪದ ಸುಕ್ಕುಗಟ್ಟಿದ ಗಡ್ಡೆಗಳನ್ನು ಅಂಗೈಗೆ ಹಾಕಿದರು.

“ತಿಂದು ನೋಡಿ ಅಜ್ಜ. ಟೈಗರ್ ನಟ್ ಅಂತ, ನಮ್ಮ ಗದ್ದೆಯ ಕಳೆ ಕೊನ್ನಾರಿ ಹುಲ್ಲಿನದ್ದೇ ಜಾತಿ. ಆದರೆ ಸಿಹಿ ಉಂಟು ಮಾರಾಯ್ರೆ!”

ಬಾದಾಮಿಯಂತಿತ್ತು. ಉಳಿದದ್ದನ್ನು ಅವರ ಕೈಗೇ ಹಿಂತಿರುಗಿಸಿದೆ.

ಹಲವು ವರ್ಷಗಳ ಹಿಂದೆ, ತನ್ನ ಗಂಡ ಗಲ್ಫಿನಿಂದ ತಂದ ಇದೇ ಗಡ್ಡೆಯನ್ನು ನೆರೆಮನೆಯಾಕೆ ನಮ್ಮ ಬೇಲಿಯ ಬದಿಯಲ್ಲಿ ನೆಟ್ಟಿದ್ದಳು. ಕಳೆ ನನ್ನ ಗದ್ದೆಗೆ ಹಬ್ಬೀತೆಂದು, ಅವಳಿಲ್ಲದಾಗ ಮದ್ದು ಹೊಡೆದು ಸುಟ್ಟೆ.

“ಅಣ್ಣ, ಅದು ತಿನ್ನುವಂಥದ್ದು,” ಎಂದಳು.

“ಹುಲ್ಲು ತಿನ್ನಲಿಕ್ಕೆ ನೀನೆಂತ ದನವಾ?” ಎಂದು ಊರವರೆದುರು ನಕ್ಕೆ.

ಮತ್ತೆಂದೂ ಅವಳು ನಮ್ಮ ಅಂಗಳಕ್ಕೆ ಬರಲಿಲ್ಲ. ಈಗ ಶಕ್ತಿನಗರದಲ್ಲಿ ಮಗಳ ಜೊತೆ ಇದ್ದಾಳೆ. ಇವತ್ತೂ ಅಲ್ಲಿಗೆ ಹೋಗದೆ, ಮನೆ ಕಡೆಗೆ ಹೋಗುವ ಪಣಂಬೂರಿನ ಬಸ್ಸು ಹತ್ತಿದೆ. ನಾನು ಕ್ಷಮೆ ಕೇಳದ ಆಕೆಯ ಹೆಸರು ಕಲ್ಯಾಣಿ.