ಇಪ್ಪತ್ತೈದಾದ ಎರಡೂವರೆ

ನಮ್ಮ ಸರ್‌ಗೆ ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು. ಕಂಪ್ಯೂಟರ್ ನೋಡುವಾಗ ಅದನ್ನು ಬೆರಳಿನಿಂದ ಮೇಲೆತ್ತಿ ಹಿಡಿದುಕೊಂಡೇ ಓದುತ್ತಿದ್ದರು. ವಡೋದರಾದ ಗೋರ್ವಾದಲ್ಲಿ ನಮ್ಮ ಆಫೀಸು. ಹೊರದೇಶಕ್ಕೆ ಹೋಗುವ ಔಷಧಿ ಡಬ್ಬಿಗಳೊಳಗಿನ ಮಾಹಿತಿ ಚೀಟಿಗಳನ್ನು ಹತ್ತಾರು ಭಾಷೆಗಳಲ್ಲಿ ಸಿದ್ಧಮಾಡುವ ಕೆಲಸ. ಹುಬ್ಬಳ್ಳಿ ಕಡೆಯವರಾದ ಅವರು ತಂಡಕ್ಕೆ ಹಿರಿಯರು. ಮೈಸೂರಿನಿಂದ ಹೋದ ನಾನು ಹೊಸಬಳು. ನನ್ನನ್ನು ‘ತಂಗಿ’ ಅನ್ನುತ್ತಿದ್ದರು.

ಪ್ರತಿ ಚೀಟಿಯ ಫೈಲಿನಲ್ಲೂ ಖಾನೆಗಳಿದ್ದವು. ತಾರೀಖಿನ ಖಾನೆಗೆ ತಾರೀಖು, ಡೋಸಿನ ಖಾನೆಗೆ ಅಂಕಿ ಮಾತ್ರ. ಬೇರೇನು ಬರೆದರೂ ಕಂಪ್ಯೂಟರ್ ಫೈಲನ್ನು ತಿರಸ್ಕರಿಸುತ್ತಿತ್ತು. ಆ ನಿಯಮಗಳನ್ನು ಬರೆದವರೇ ಸರ್. “ಒಳಗ ಅಂಕಿ ಎಲ್ಲಾ ಭಾಷಾಕ್ಕೂ ಒಂದ ರೀತಿ ಇರಬೇಕವಾ. ಹೊರಗ ಆ ಊರವರು ಹೆಂಗ ಬರೀತಾರೋ ಹಂಗ ತೋರಸೋಣ,” ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಕ್ಕಳ ಸಿರಪ್ಪಿನ ಫ್ರೆಂಚ್ ಚೀಟಿ ಮೂರು ಸಲ ವಾಪಸ್ ಬಂತು. ಅನುವಾದಕರು ತಮ್ಮ ರೂಢಿಯಂತೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ ಎರಡೂವರೆ ಮಿಲಿಲೀಟರನ್ನು ‘2,5’ ಎಂದು ಬರೆದಿದ್ದರು. ಸರ್ ಮೀಟಿಂಗಿನಲ್ಲಿದ್ದರು. ಬೇಗ ಕಳಿಸು ಎಂದು ಮ್ಯಾನೇಜರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಅಲ್ಪವಿರಾಮ ತಿದ್ದುವ ಬದಲು ನಾನು ನಿಯಮವನ್ನೇ ತಿದ್ದಿದೆ: ಡೋಸಿನ ಖಾನೆಯಲ್ಲಿ ಏನು ಬರೆದರೂ ಸರಿ. ಫೈಲು ಪಾಸಾಗಿ ಪ್ರೆಸ್ಸಿಗೆ ಹೋಯಿತು.

ಮಧ್ಯಾಹ್ನ ಪ್ರೆಸ್ಸಿನಿಂದ ಬಂದ ಅಚ್ಚಿನ ಪ್ರತಿ ನೋಡುತ್ತಿದ್ದ ಸರ್ ಕೈ ನಿಂತಿತು. ಅಲ್ಪವಿರಾಮವನ್ನು ಸಾವಿರದ ಗುರುತೆಂದು ತಿಳಿದು ಪ್ರೆಸ್ಸಿನ ಸಾಫ್ಟ್‌ವೇರ್ ತೆಗೆದುಹಾಕಿತ್ತು. ಮಗುವಿಗೆ 25 ಮಿಲಿಲೀಟರ್.

“ನಿಯಮ ಯಾರು ಮುಟ್ಟಿದ್ರು?”

“ನಾನು, ಸರ್.”

ಪ್ರೆಸ್ಸಿನವರು ಫೋನ್ ಎತ್ತಲಿಲ್ಲ. ಸರ್ ಸ್ಕೂಟರಿನ ಹಿಂದೆ ಕೂತು ಹೊರಟೆ. ಪ್ರೆಸ್ಸಿನ ಬಾಗಿಲಲ್ಲಿ ಇಳಿದವರೇ ಸರ್, “ನೀನ ಹೇಳು,” ಅಂದರು. ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಮಾಲೀಕ ಯಂತ್ರ ನಿಲ್ಲಿಸಿ, ನನ್ನನ್ನು ಗುಜರಾತಿಯಲ್ಲಿ ಅಕ್ಕ ಎಂದು ಕರೆದು, “ಏಕ್ ಗಾಡಿ ತೋ ನಿಕಲ್ ಗಈ, ಬೆನ್,” ಅಂದ. ಒಂದು ಗಾಡಿ ಆಗಲೇ ಔಷಧಿ ಕಾರ್ಖಾನೆಗೆ ಹೊರಟುಹೋಗಿತ್ತು.

ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಪ್ಯಾಕಿಂಗ್ ಶುರುವಾಗಿತ್ತು. ಸರ್ ಬೆಲ್ಟ್ ನಿಲ್ಲಿಸಿದರು. ಕತ್ತಲಾಗುವವರೆಗೆ ಒಂದೊಂದೇ ಡಬ್ಬಿ ಬಿಚ್ಚಿ ಚೀಟಿ ಹೊರತೆಗೆದೆವು. ಕೊನೆಯ ಡಬ್ಬಿ ಸಿಕ್ಕಿದ ಮೇಲೂ ಅವರು ಮತ್ತೊಮ್ಮೆ ಎಣಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಮ್ಯಾನೇಜರ್, “ಯಾರ ತಪ್ಪಿದು?” ಅಂದರು. ನಾನು ಎದ್ದು ನಿಂತೆ. ಸರ್ ಕೂಡ ಎದ್ದರು. “ಅವಳು ತಿದ್ದಿದಳು. ಯಾರನ್ನೂ ಕೇಳದೆ ತಿದ್ದುವ ಅಧಿಕಾರ ಕೊಟ್ಟವನು ನಾನು,” ಎಂದು ಹಿಂದಿಯಲ್ಲಿ ಹೇಳಿದರು. ಎಚ್ಚರಿಕೆ ಪತ್ರ ಇಬ್ಬರಿಗೂ ಬಂತು. ಅವರಿಗೆ ಬರಬೇಕಿದ್ದ ಬಡ್ತಿ ಆ ವರ್ಷ ನಿಂತುಹೋಯಿತು.

ನಿವೃತ್ತಿಯಾದ ಎರಡೇ ವರ್ಷಕ್ಕೆ ಸರ್ ಹೃದಯಾಘಾತದಿಂದ ಹೋದರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಮಗಳು ಪಕ್ಕ ಬಂದು ಕೂತಳು. ವಡೋದರಾದಲ್ಲೇ ಬೆಳೆದವಳು, ಅವಳ ಕನ್ನಡದಲ್ಲಿ ಅರ್ಧ ಹಿಂದಿ.

“ಪಪ್ಪಾ ಒಂದು ಸಿರಪ್ಪಿನ ಸ್ಟೋರಿ ಬಹುತ್ ಸಲ ಹೇಳ್ತಿದ್ರು, ದೀದಿ. ನಿಯಮ ತೆಗೆದಿದ್ದು ಯಾರು ಅಂತ ಕೇಳಿದ್ರೆ ಹೇಳ್ತಾನೇ ಇರ್ಲಿಲ್ಲ. ನಿಮಗೆ ಗೊತ್ತಾ?”

“ನಾನೇ,” ಅಂದೆ.

ಅವಳು ಎದ್ದು ಹೋಗಿ ನನಗೆ ನೀರು ತಂದುಕೊಟ್ಟಳು.