ಗಟ್ಟಿಮೇಳ ಮುಗಿದ ಮೇಲೆ

ಸಂಗೀತಕ್ಕೆ ಸಾವಿಲ್ಲ ಎಂಬ ಗಂಭೀರ ಮಾತನ್ನು ನಾನು ಕೇಳಿರುವುದು ಸಂಗೀತಗಾರರ ಶ್ರದ್ಧಾಂಜಲಿ ಸಭೆಗಳಲ್ಲಿ ಮಾತ್ರ. ಸಾವಿಲ್ಲದೆ ಇರಬಹುದು, ಬೂಷ್ಟಂತೂ ಹಿಡಿಯುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಚರ್ಮದ ಚಪ್ಪಲಿ, ಉಪ್ಪಿನಕಾಯಿ, ಸ್ಪೂಲ್ ಟೇಪು ಎಂಬ ಭೇದಭಾವವಿಲ್ಲ.

ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಕೈಗೊಂಡ ಏಕೈಕ ಘನಕಾರ್ಯವೆಂದರೆ ಆ ಬೂಷ್ಟು ಒರೆಸಿದ್ದು. ಭದ್ರಾವತಿಯ ಕಾರ್ಖಾನೆ ಕ್ಲಬ್ಬಿನಲ್ಲಿ ಒಂದು ಕಾಲಕ್ಕೆ ಇದ್ದ ಜಾಝ್ ಬ್ಯಾಂಡಿನ ಧ್ವನಿಮುದ್ರಣಗಳನ್ನು ಹುಡುಕಿ, ಒಟ್ಟುಮಾಡಿ, ಒಂದು ಡಿಸ್ಕಾಗಿ ಮತ್ತೆ ಹೊರತರುವುದು ನನ್ನ ಯೋಜನೆ. ಲೋಕ ಈ ಯೋಜನೆಗಾಗಿ ಕಾದು ಕುಳಿತಿರಲಿಲ್ಲ. ನಮ್ಮ ಮನೆಯಲ್ಲೂ ಯಾರೂ ಕಾದಿರಲಿಲ್ಲ.

ಅದು ದೊಡ್ಡ ಬ್ಯಾಂಡು. ಸ್ಯಾಕ್ಸೊಫೋನಿನವರದೊಂದು ಸಾಲು, ಅದರ ಹಿಂದೆ ಟ್ರಂಪೆಟ್ಟು, ಟ್ರೊಂಬೋನುಗಳದೊಂದು ಸಾಲು, ಪಕ್ಕದಲ್ಲಿ ಪಿಯಾನೊ, ಡ್ರಮ್ಮು. ವಾರವಿಡೀ ಕುಲುಮೆಯ ಮುಂದೆ, ಲೇತಿನ ಮುಂದೆ, ಟೈಮ್ ಆಫೀಸಿನ ಕಿಟಕಿಯ ಹಿಂದೆ ಇರುತ್ತಿದ್ದವರು ಶನಿವಾರ ಸಂಜೆ ಬಿಳಿ ಕೋಟು ತೊಟ್ಟು ವೇದಿಕೆ ಹತ್ತಿ, ಅಮೆರಿಕದ ಹಳೆಯ ಬ್ಯಾಂಡುಗಳ ಮಟ್ಟುಗಳನ್ನು ಮದರಾಸಿನಿಂದ ತರಿಸಿದ ನೊಟೇಶನ್ ನೋಡಿ ನುಡಿಸುತ್ತಿದ್ದರು. ನನ್ನ ಅಪ್ಪ ಅಲ್ಲಿ ಗುಮಾಸ್ತರಾಗಿದ್ದರು. ಗುಮಾಸ್ತರ ಮಕ್ಕಳಿಗೆ ಕ್ಲಬ್ಬಿನೊಳಗೆ ಪ್ರವೇಶವಿರಲಿಲ್ಲ. ಕ್ಲಬ್ಬಿನ ಕಿಟಕಿಗೆ ಇತ್ತು. ಹಾಗಾಗಿ ಆ ಬ್ಯಾಂಡನ್ನು ನಾನು ಬಾಲ್ಯವಿಡೀ ಕಂಬಿಗಳ ಸಂದಿಯಿಂದಲೇ ನೋಡಿದ್ದು, ಮೃಗಾಲಯದಲ್ಲಿ ನೋಡುವಂತೆ.

ಮುಂದೆ ಅಧಿಕಾರಿಗಳು ಬದಲಾದರು, ಅವರ ಹೆಂಡತಿಯರ ಅಭಿರುಚಿ ಬದಲಾಯಿತು, ನುಡಿಸುವವರು ಒಬ್ಬೊಬ್ಬರೇ ನಿವೃತ್ತರಾದರು ಇಲ್ಲವೇ ತೀರಿಕೊಂಡರು. ವಾದ್ಯಗಳು ತೂಕದ ಮೇಲೆ ಪಾತ್ರೆ ಅಂಗಡಿಗೆ ಹೋದವು. ಉಳಿದದ್ದು ಒಂದು ಗ್ರಾಮೊಫೋನ್ ರೆಕಾರ್ಡು, ಮತ್ತು ಒಬ್ಬ ಟ್ರಂಪೆಟ್ ವಾದಕರು.

ಆ ವಾದಕರು ಭದ್ರಾವತಿಯ ಹೊಸಮನೆಯಲ್ಲಿ ಹೆಂಡತಿಯೊಡನೆ ಇದ್ದರು. ನಾನು ಮೊದಲ ಸಲ ಹೋದಾಗ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಆಮ್ಲಜನಕದ ಸಿಲಿಂಡರಿನ ಪಕ್ಕ ಕುಳಿತಿದ್ದರು. ಶ್ವಾಸಕೋಶ ಹೋಗಿತ್ತು. ಡಾಕ್ಟರು ಬೀಡಿಯಿಂದ ಎಂದಿದ್ದರು, ಹೆಂಡತಿ ಪೀಪಿಯಿಂದ ಎನ್ನುತ್ತಿದ್ದರು. ಈ ವೈದ್ಯಕೀಯ ವಿವಾದ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

"ನಾನು ಮೂರನೇ ಟ್ರಂಪೆಟ್ಟು ಸಾರ್. ಆದ್ರೆ ಒಂದು ನಿಧಾನದ ಪೀಸಲ್ಲಿ ನಂದೇ ಸೋಲೋ ಇತ್ತು. ಬೇರೆಯೋರೆಲ್ಲ ಮೆತ್ತಗೆ ಹಿಂದೆ ಇರ್ತಿದ್ರು, ನಾನೊಬ್ನೇ ಎದ್ ನಿಲ್ತಿದ್ದೆ" ಎಂದರು.

"ಎದ್ ನಿಲ್ತಿದ್ರಂತೆ" ಎಂದರು ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಈಗ ಬಚ್ಚಲಿಗೆ ಹೋಗೋಕೆ ನಾನ್ ಎಬ್ಬಿಸ್ಬೇಕು. ಕೇಳಿ ಮಾರಾಯ್ರೆ, ನಾನ್ ಮದ್ವೆ ಆಗಿ ಬರೋ ಹೊತ್ತಿಗೆ ಬ್ಯಾಂಡೂ ಇಲ್ಲ, ಪೀಪೀನೂ ಇಲ್ಲ. ಇವರ ಸೋಲೋನ ನಾನು ಇವರ ಬಾಯಲ್ಲೇ ಕೇಳಿದ್ದು. ಕುಕ್ಕರ್ ಕೂಗ್ದಂಗೆ ಇರುತ್ತೆ."

ವಾದಕರು ತುಟಿ ಒತ್ತಿ ಆ ಸೋಲೋದ ಮೊದಲ ಸಾಲನ್ನು ಗುನುಗಿ ತೋರಿಸಿದರು. ಕೆಳಗಿನಿಂದ ಹತ್ತಿ, ಮೇಲೆ ನಿಂತು, ಏನೋ ಮರೆತವರಂತೆ ಅರ್ಧ ಮೆಟ್ಟಿಲು ಇಳಿಯುವ ಸಾಲು. ಇಳಿಯುವಷ್ಟರಲ್ಲಿ ಉಸಿರು ಮುಗಿಯಿತು. ಹೆಂಡತಿ ಬಂದು ಬೆನ್ನು ನೀವಿದರು. ನೀವುತ್ತಲೇ, "ಆ ರೆಕಾರ್ಡಲ್ಲಿ ಹುಡುಕಿ ಹುಡುಕಿ ನೋಡ್ದೆ, ಇವರು ಅದ್ರಲ್ಲಿಲ್ಲ" ಎಂದರು.

ನಿಜ, ಇರಲಿಲ್ಲ. ಬ್ಯಾಂಡು ಒಮ್ಮೆ ರೈಲು ಹತ್ತಿ ಹೋಗಿ ಮದರಾಸಿನ ಸ್ಟುಡಿಯೋ ಒಂದರಲ್ಲಿ ಆ ರೆಕಾರ್ಡು ಮಾಡಿಸಿತ್ತು. ರೆಕಾರ್ಡಿನ ಒಂದು ಮಗ್ಗುಲಿಗೆ ಇಡೀ ಮಟ್ಟು ಹಿಡಿಸುವುದಿಲ್ಲ ಎಂದು ಅಲ್ಲಿಯವರು ಕತ್ತರಿಸಿದ ಭಾಗ ಯಾವುದೆಂದರೆ ಇವರು ಎದ್ದು ನಿಲ್ಲುವ ಭಾಗ. ಇವರು ಮದರಾಸಿನವರೆಗೆ ಹೋಗಿ, ಕುಳಿತೇ ಇದ್ದು, ವಾಪಸ್ ಬಂದಿದ್ದರು.

ನಾನು ಹೊರಡುವಾಗ ವಾದಕರು ಗೇಟಿನವರೆಗೆ ಬರಲಾರದೆ ಕುಳಿತಲ್ಲಿಂದಲೇ ನನ್ನ ಕೈ ಹಿಡಿದುಕೊಂಡರು. "ಡಿಸ್ಕು ಮಾಡಿ, ಬಿಡಿ, ನಿಮ್ಮಿಷ್ಟ. ಅದೊಂದು ಎಲ್ಲಾದ್ರೂ ಸಿಕ್ರೆ ಇವಳಿಗೆ ಒಂದ್ಸಲ ಕೇಳಿಸ್ಬೇಕು ಸಾರ್. ನಾನ್ ಇದ್ದಾಗ."

ಕ್ಲಬ್ಬಿನಲ್ಲಿ ಟೇಪುಗಳಿರಲಿಲ್ಲ. ಹುಡುಕಲು ಉಳಿದದ್ದು ಮದುವೆಗಳು. ಶಿವಮೊಗ್ಗ ಭದ್ರಾವತಿಗಳ ಅನುಕೂಲಸ್ಥರು ಮಗಳ ಮದುವೆಗೆ ವಾಲಗದವರ ಜೊತೆಗೆ ಈ ಬ್ಯಾಂಡನ್ನೂ ಕರೆಸುತ್ತಿದ್ದರು. ಅದೇ ಅನುಕೂಲಸ್ಥರ ಮನೆಗಳಲ್ಲೇ ಸ್ಪೂಲ್ ಟೇಪ್ ರೆಕಾರ್ಡರೂ ಇರುತ್ತಿತ್ತು. ನಾನು ಮನೆಮನೆಗೆ ಹೋಗಿ ಅಟ್ಟ ಹತ್ತಿಸಿದೆ. ಆಯನೂರಿನಲ್ಲಿ ಟೇಪನ್ನು ಅಕ್ಕಿ ಡಬ್ಬಿಯಲ್ಲಿ ಕಾಪಾಡಿದ್ದರು. ದುರ್ಗಿಗುಡಿಯ ಒಂದು ಮನೆಯಲ್ಲಿ ಟೇಪು ಕೊಡುವ ಮೊದಲು ಮದುವೆ ಆಲ್ಬಮ್ಮನ್ನು ಪೂರ್ತಿ ನೋಡಬೇಕೆಂಬ ಷರತ್ತಿತ್ತು. ನೋಡಿದೆ. ಫೋಟೋಗಳಲ್ಲಿ ಬ್ಯಾಂಡಿನವರ ಮೊಣಕೈಗಳು ಕಾಣುತ್ತಿದ್ದವು.

ಟೇಪುಗಳು ಸಿಕ್ಕವು. ಎಲ್ಲದರಲ್ಲೂ ಇದ್ದದ್ದು ಗಟ್ಟಿಮೇಳ.

ಆಗ ಟೇಪು ದುಬಾರಿ. ಯಾವ ಗೃಹಸ್ಥನೂ ಊಟದ ಹೊತ್ತಿನ ಪೀಪಿಗೆ ಅದನ್ನು ಹಾಳುಮಾಡುವುದಿಲ್ಲ. ಎಲ್ಲರೂ ಮೆಷಿನ್ ಒತ್ತುತ್ತಿದ್ದದ್ದು ಮಾಂಗಲ್ಯಧಾರಣೆಗೆ. ಆ ಗಳಿಗೆಯಲ್ಲಿ ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾರೆ. ಸೀನು, ಅಳು, ಕೆಟ್ಟ ಮಾತು, ಯಾವ ಅಪಶಕುನದ ಸದ್ದೂ ವಧೂವರರ ಕಿವಿಗೆ ಬೀಳಬಾರದೆಂದು ವಾದ್ಯದವರೆಲ್ಲ ಒಟ್ಟಿಗೆ, ಕೈಗೆ ಸಿಕ್ಕ ಸ್ವರವನ್ನು, ಕೈಲಾದಷ್ಟು ಜೋರಾಗಿ ಬಾರಿಸುತ್ತಾರೆ. ಡೋಲು ನಾಗಸ್ವರಗಳ ಜೊತೆ ಒಂದು ಇಡೀ ಜಾಝ್ ಬ್ಯಾಂಡು ಹೀಗೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಾನು ಬಹುಶಃ ಲೋಕದ ಏಕಮಾತ್ರ ತಜ್ಞ. ತ್ಯಾವರೆಕೊಪ್ಪದ ಸಫಾರಿಯ ಹುಲಿಸಿಂಹಗಳಿಗೆಲ್ಲ ಒಂದೇ ಬಾರಿ ಮಾಂಸ ಹಾಕಿದಂತಿರುತ್ತದೆ. ಆಮೇಲೆ ಟಕ್ ಎಂದು ಮೆಷಿನ್ ಆರಿಸಿದ ಸದ್ದು. ಪ್ರತಿ ಮನೆಯ ಟೇಪಿನಲ್ಲೂ ಆ ಟಕ್ ಇತ್ತು. ಆ ಬ್ಯಾಂಡು ತನ್ನ ಆಯುಷ್ಯದಲ್ಲಿ ನುಡಿಸಿದ ಎಲ್ಲ ಸಂಗೀತ ಆ ಟಕ್‌ನ ಆಚೆಗಿತ್ತು.

ಭದ್ರಾವತಿಗೆ ಹೋದಾಗಲೆಲ್ಲ ವಾದಕರು ಹುಬ್ಬೆತ್ತಿ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆ ಆಡಿಸುತ್ತಿದ್ದೆ. ಸಿಲಿಂಡರುಗಳು ಎರಡಾದವು.

ಕೊನೆಗೆ ಶಿವಮೊಗ್ಗದ ಗೋಪಾಳದಲ್ಲಿ ಒಂದು ಮನೆ ಸಿಕ್ಕಿತು. ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟಿರುವ ಹಿರಿಯರು. ಹಣೆಯಲ್ಲಿ ವಿಭೂತಿ, ಬಿಳಿ ಅಂಗಿ, ಮಾತು ಕಮ್ಮಿ. ಬೀರುವಿನಿಂದ ಟೇಪು ತಂದು ಕೊಟ್ಟರು.

"ನನ್ ತಂಗಿ ಮದ್ವೇದು. ರೆಕಾರ್ಡ್ ಮಾಡಿದ್ದು ನಾನೇ. ತಾಳಿ ಕಟ್ಟಿದ್ ಮೇಲೆ ಆಫ್ ಮಾಡ್ದೆ, ನಿಮಗೆ ಬೇಕಾಗಿದ್ದು ಅದ್ರಲ್ಲಿ ಇರಲ್ಲ ಬಿಡಿ."

"ನೀವು ಕೇಳಿದ್ರಾ?"

"ಇಲ್ಲ. ವರ್ಷ ತುಂಬೋದ್ರೊಳಗೆ ಹೋಗ್ಬಿಟ್ಲು. ಸ್ಟವ್ ಸಿಡೀತು ಅಂದ್ರು" ಎಂದರು.

ಸೀಮೆಎಣ್ಣೆ ಸ್ಟವ್ವುಗಳ ಆ ಕಾಲದಲ್ಲಿ ಅವು ಸಿಡಿಯುತ್ತಿದ್ದದ್ದು ಹೆಚ್ಚಾಗಿ ಹೊಸ ಸೊಸೆಯರ ಮುಂದೆಯೇ. ಅತ್ತೆಯರ ಮುಂದೆ ಸಿಡಿದದ್ದನ್ನು ನಾನು ಕೇಳಿಲ್ಲ. "ಅಂದ್ರು" ಎಂದು ಅವರು ಹೇಳಿದ ರೀತಿಯಲ್ಲಿ ಅದೆಲ್ಲ ಇತ್ತು.

ಮನೆಗೆ ತಂದು ಬೂಷ್ಟು ಒರೆಸಿ ಮೆಷಿನ್ನಿಗೆ ಏರಿಸಿದೆ. ಮಂತ್ರ, ಗಟ್ಟಿಮೇಳ, ಹುಲಿಸಿಂಹ ಎಲ್ಲ ಯಥಾಪ್ರಕಾರ. ಟಕ್‌ಗಾಗಿ ಕಾದೆ. ಟಕ್ ಬರಲಿಲ್ಲ. ಅಕ್ಷತೆ ಎರಚಿದ ಗದ್ದಲ, ಯಾರೋ ಊಟಕ್ಕೆ ಏಳಿರೆಂದು ಕರೆದದ್ದು, ಕುರ್ಚಿಗಳನ್ನು ಎಳೆದದ್ದು, ಎಲ್ಲ ಬಂತು. ಅವರು ಆರಿಸಲು ಮರೆತಿದ್ದರು. ಆಮೇಲೆ ದೂರದಲ್ಲಿ ಸ್ಯಾಕ್ಸೊಫೋನುಗಳು ನಿಧಾನವಾಗಿ ಒಂದು ಮಟ್ಟು ಎತ್ತಿಕೊಂಡವು. ಅವು ತಗ್ಗಿದವು. ಒಂದು ಟ್ರಂಪೆಟ್ ಎದ್ದಿತು. ಕೆಳಗಿನಿಂದ ಹತ್ತಿ, ಮೇಲೆ ನಿಂತು, ಅರ್ಧ ಮೆಟ್ಟಿಲು ಇಳಿಯಿತು. ಅದು ಕುಕ್ಕರ್ ಕೂಗಿದಂತೆ ಇರಲಿಲ್ಲ. ಉಸಿರು ತುಂಬ ಇದ್ದ ಮನುಷ್ಯ, ಅದನ್ನು ಖರ್ಚುಮಾಡಲು ಯಾವ ಅವಸರವೂ ಇಲ್ಲದೆ ನುಡಿಸಿದಂತೆ ಇತ್ತು.

ಆ ಸೋಲೋದ ನಡುವೆ, ಮೈಕಿಗೆ ಬಾಯಿಟ್ಟಷ್ಟು ಹತ್ತಿರದಲ್ಲಿ, ಒಂದು ಹುಡುಗಿ ಪಿಸುಗುಟ್ಟಿದಳು: "ಅಣ್ಣಾ, ನಂಗ್ ಇವರ ಜೊತೆ ಹೋಗೋಕೆ ಭಯ ಆಗುತ್ತೆ. ಮನೆಗೆ ಕರ್ಕೊಂಡ್ ಹೋಗೋ."

ಒಬ್ಬ ಹುಡುಗ ನಕ್ಕ. "ಸುಮ್ನಿರು ಮಾರಾಯ್ತಿ. ಬ್ಯಾಂಡ್ ಕೇಳು, ಎಷ್ಟ್ ಚೆನ್ನಾಗ್ ಊದ್ತಾ ಇದಾನೆ ನೋಡು."

ಆ ಸೋಲೋಗೆ ಸಿಕ್ಕಿದ ಒಂದೇ ಒಂದು ವಿಮರ್ಶೆ ಅದು.

ಟೇಪು ಆ ಹಿರಿಯರದು; ಅವರಿಗೆ ಮೊದಲು ಕೇಳಿಸದೆ ಮುಂದುವರಿಯುವಂತಿರಲಿಲ್ಲ. ಫೋನಿಗೆ ಇಳಿಸಿಕೊಂಡು ಗೋಪಾಳಕ್ಕೆ ಹೋದೆ. ಅದರಲ್ಲಿ ತಂಗಿಯ ಮಾತೂ ಇದೆ, ಬೇಡವೆಂದರೆ ಬೇಡ, ಎಂದು ಮೊದಲೇ ಹೇಳಿದೆ. ಹಾಕಿ ಎಂದರು. ತಂಗಿಯ ದನಿ ಬಂದಾಗ ಅವರು ಅಲುಗಲಿಲ್ಲ. ತಮ್ಮ ದನಿ ಬಂದಾಗ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಒರೆಸಿದ್ದನ್ನೇ ಒರೆಸಿದರು.

"ಅವಳು ಏನೋ ಅಂದಿದ್ಲು ಅಂತ ಗೊತ್ತಿತ್ತು. ನಾನ್ ಏನ್ ಅಂದೆ ಅನ್ನೋದು ಮರ್ತಿದ್ದೆ" ಎಂದರು. ಆಮೇಲೆ, "ಊದಿದೋರು ಇದಾರಾ?"

ಇದ್ದಾರೆ ಎಂದೆ. ಅವರ ಹೆಂಡತಿಯ ಸಂಗತಿ ಹೇಳಿದೆ.

"ಕೇಳಿಸಿ. ಡಿಸ್ಕಿಗೂ ಹಾಕಿ. ನಾನ್ ನಕ್ಕಿದ್ದೂ ಇರ್ಲಿ, ತೆಗೀಬೇಡಿ."

ಮರುದಿನ ಬೆಳಗ್ಗೆ ಭದ್ರಾವತಿಗೆ ಹೋದೆ. ಫೋನಿನ ಜೊತೆ ಒಳ್ಳೆಯ ಸ್ಪೀಕರನ್ನೂ ಒಯ್ದಿದ್ದೆ. ಹುಡುಗಿ ಯಾರೆಂದು ಹೇಳಲಿಲ್ಲ. ಮಧ್ಯೆ ಯಾರೋ ಮಾತಾಡುತ್ತಾರೆ ಎಂದಷ್ಟೇ ಹೇಳಿದೆ. ಸಿಕ್ಕಿತು ಎಂದು ಕೇಳಿದ್ದೇ ವಾದಕರು ಅಂಗಿ ಬದಲಿಸಬೇಕೆಂದು ಹಟ ಹಿಡಿದರು. ಹೆಂಡತಿ ಬಿಳಿ ಅಂಗಿ ತೊಡಿಸಿ, ಗುಂಡಿ ಹಾಕುತ್ತ, "ನೋಡಿ ಮಾರಾಯ್ರೆ, ಮದುಮಗ" ಎಂದರು. ಆದರೂ ಕೈ ಒರೆಸಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಆಕೆ ಕುಳಿತದ್ದನ್ನು ನಾನು ಆ ಮನೆಯಲ್ಲಿ ಮೊದಲ ಬಾರಿ ನೋಡಿದೆ.

ಟ್ರಂಪೆಟ್ ಎದ್ದಾಗ ವಾದಕರ ಬಲಗೈಯ ಮೂರು ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. ಅವರು ಸ್ಪೀಕರಿನ ಕಡೆ ನೋಡುತ್ತಿರಲಿಲ್ಲ. ಹೆಂಡತಿಯ ಮುಖವನ್ನು ನೋಡುತ್ತಿದ್ದರು. ಪಿಸುಮಾತು ಬಂತು, ನಗು ಬಂತು, ಟ್ರಂಪೆಟ್ ಇನ್ನೂ ಸ್ವಲ್ಪ ದೂರ ನಡೆದು ನಿಂತಿತು. ನಾನು ಆರಿಸಿದೆ.

"ಆ ಹುಡುಗಿ ಯಾರು?" ಎಂದರು ಹೆಂಡತಿ.

"ಮದುಮಗಳು."

"ಕರ್ಕೊಂಡ್ ಹೋದ್ನಾ ಅವಳಣ್ಣ?"

"ಇಲ್ಲ. ಗಂಡನ ಮನೆಗೇ ಹೋದ್ಲು. ಆಮೇಲೆ ಅಲ್ಲಿ ಸ್ಟವ್..."

ಹೆಂಡತಿ ಕೈ ಎತ್ತಿ ನನ್ನನ್ನು ತಡೆದರು. ಸಿಲಿಂಡರಿಗೆ ಸಿಕ್ಕಿಸಿದ ಬಾಟಲಿಯ ನೀರು ಗುಳುಗುಳು ಎನ್ನುತ್ತಿತ್ತು. ಹಿಂದಿನ ರಸ್ತೆಯಲ್ಲಿ ತರಕಾರಿಯವನು ಕೂಗುತ್ತ ಹೋದ.

ವಾದಕರು ಕಾದರು. ಕೊನೆಗೆ ತಾವೇ ಕೇಳಿದರು: "ಸೋಲೋ ಹೆಂಗಿತ್ತೇ?"

"ಯಾವುದು?" ಎಂದರು ಹೆಂಡತಿ.

ಅದು ಕೊಂಕಲ್ಲ. ಕೊಂಕಾಗಿದ್ದರೆ ವಾದಕರು ತಡೆದುಕೊಳ್ಳುತ್ತಿದ್ದರು. ಆ ಮನೆಯಲ್ಲಿ ಕೊಂಕು ದಿನದ ಊಟವಿದ್ದಂತೆ. ಹೆಂಡತಿ ನಿಜವಾಗಿಯೂ ಸೋಲೋ ಕೇಳಿಸಿಕೊಂಡಿರಲಿಲ್ಲ. ತೊಡೆಯ ಮೇಲಿನ ಬೆರಳುಗಳು ನಿಂತವು.

ಇನ್ನೊಮ್ಮೆ ಹಾಕಲೇ ಎಂದು ಕೇಳಿದೆ. ಶಿವಮೊಗ್ಗದ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಮಾತನ್ನು ಬೇರೆ, ಟ್ರಂಪೆಟ್ಟನ್ನು ಬೇರೆ ಮಾಡಿಕೊಡುತ್ತಾರೆ, ಟೇಪಿನ ಯಜಮಾನರನ್ನು ಬೇಡಿಕೊಳ್ಳುತ್ತೇನೆ, ಬರೀ ಸೋಲೋ ಕೇಳಿಸುತ್ತೇನೆ ಎಂದೂ ಹೇಳಿದೆ.

"ಆ ಹುಡುಗೀನ ತೆಗ್ದು ಇವರನ್ನ ಇಡ್ತೀರಾ?" ಎಂದರು ಹೆಂಡತಿ. ನನ್ನ ಕಡೆ ನೋಡದೆಯೇ ಎದ್ದು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಂತು. ಪಾತ್ರೆ ತೊಳೆದ ಸದ್ದು ಬರಲಿಲ್ಲ.

ವಾದಕರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ಮಂಟಪದ ಮೂಲೇಲಿ ಆ ಅಣ್ಣತಂಗಿ ಕೂತಿದ್ದು ನಾನ್ ನೋಡಿದ್ದೆ ಸಾರ್. ಹುಡುಗ ನನ್ ಕಡೆ ಕೈ ತೋರಿಸ್ತಿದ್ದ. ಯಾರೋ ಮೆಚ್ಚಿದ್ರು ಅಂತ ಖುಷಿಯಾಗಿ ಇನ್ನೊಂದ್ ಸುತ್ತು ಜಾಸ್ತಿ ಊದ್ದೆ."

"ಚೆನ್ನಾಗಿದೆ" ಎಂದೆ. ನಿಜವನ್ನೇ ಹೇಳಿದೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

"ಡಿಸ್ಕಿಗೆ ಬೇಡ" ಎಂದರು. "ಇನ್ಮೇಲೆ ಯಾರ್ ಕೇಳಿದ್ರೂ ಇವಳು ಕೇಳ್ದಂಗೇ ಕೇಳ್ತಾರೆ."

ಗೋಪಾಳದವರಿಗೆ ಟೇಪು ಹಿಂತಿರುಗಿಸಿ ವಿಷಯ ತಿಳಿಸಿದೆ. ಅವರು ಅದನ್ನು ಬೀರುವಿನಲ್ಲಿಟ್ಟರು. ವಾದಕರು ಮಳೆಗಾಲದಲ್ಲಿ ತೀರಿಕೊಂಡರು. ಡಿಸ್ಕು ಅದಾದ ಮೇಲೆ ಬಂತು. ಅದರಲ್ಲಿ ಮದರಾಸಿನ ರೆಕಾರ್ಡಿನ ಎರಡು ಮಗ್ಗುಲುಗಳೂ ಮದುವೆಗಳ ಗಟ್ಟಿಮೇಳಗಳೂ ಇವೆ. ಸೋಲೋ ಇಲ್ಲ.