ಆ ಸಂಜೆಯ ಎರಡು ಹನಿ

ಮೊಮ್ಮಗಳು ಒದೆಯುತ್ತಾಳೆ. ಎಡಗಾಲನ್ನು ಹಿಡಿದರೆ ಅದನ್ನೇ ಬಿಡಿಸಿಕೊಂಡು ನನ್ನ ಅಂಗೈಗೇ ಒದೆಯುತ್ತಾಳೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಈ ಸುಖವನ್ನು ಹೇಗೆ ಬರೆಯಬೇಕೋ ತಿಳಿಯದು. ಎಣ್ಣೆ ಹಚ್ಚಿ ಎರೆಯುವಾಗ ಹಾಡು ತಾನಾಗಿ ಬರುತ್ತದೆ, ನಡುವೆಯೇ ನಿಂತುಬಿಡುತ್ತದೆ. ಎದುರಿಗೆ ಇವಳ ತಾಯಿ, ನನ್ನ ಮಗಳು, ತನ್ನ ಎಡಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಳ್ಳುತ್ತಿರುತ್ತಾಳೆ.

ಮಗಳಿಗೆ ಹನ್ನೊಂದು ತಿಂಗಳಿದ್ದಾಗ ಜ್ವರ ಬಂತು. ಜ್ವರ ಇಳಿದಾಗ ಕಾಲಿನಲ್ಲಿ ಬಲವಿರಲಿಲ್ಲ. ಪೋಲಿಯೊ ಅಂದರು. ಆಗೆಲ್ಲ ನಮ್ಮ ಹೊಳೆದಂಡೆಯ ಊರು ಜುಗೂಳಕ್ಕೆ ಹನಿ ಹಾಕುವವರು ಬರುತ್ತಿರಲಿಲ್ಲ ಎಂದು ಅವಳಿಗೆ ಹೇಳುತ್ತ ಬಂದೆ. ಅದು ಸುಳ್ಳು.

ಮೊಮ್ಮಗಳಿಗೆ ಆರು ವಾರವಾದಾಗ ಅಂಗನವಾಡಿಯಲ್ಲಿ ಹನಿ ಹಾಕಿಸಿದೆವು.

"ಆಯಿ, ಕಾಲ ಗಟ್ಟಿ ಹಿಡೀರಿ. ಈಕಿ ನನ್ನ ಡಬ್ಬಿನ ಕೆಡವ್ತಾಳ" ಎಂದು ನರ್ಸಬಾಯಿ ನಕ್ಕಳು.

ಮನೆಗೆ ಬಂದು, ಆ ಹನಿಯಲ್ಲಿ ಏನಿರುತ್ತದೆ ಎಂದು ಮಗಳನ್ನು ಕೇಳಿದೆ. ಅವಳು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ.

"ಅದ ರೋಗ ಇರ್ತೈತಿ ಬೇ."

"ಪೋಲಿಯೊನ?"

"ಹೂಂ, ಪೋಲಿಯೊ ವೈರಸ್. ಅದರೊಳಗ ಅದರ ಗುಣಾ ಎಲ್ಲಾ ಬರದಿಟ್ಟ ಒಂದ ಎಳಿ ಇರ್ತೈತಿ, ಆರ್‌ಎನ್‌ಎ ಅಂತಾರ. ಬ್ಯಾರೆ ಪ್ರಾಣಿ ಜೀವಕೋಶದಾಗ ಮತ್ತ ಮತ್ತ ಬೆಳಸಿ ಬೆಳಸಿ, ಆ ಬರಹದಾಗ ನಾಕಾರ ಅಕ್ಷರ ಬದಲಾಗ್ಯಾವ. ಅಷ್ಟಕ್ಕ ಅದರ ಬಲಾ ಇಳೀತು. ಕರುಳಾಗ ಬೆಳೀತೈತಿ, ಆದ್ರ ನರಾ ಕೆಡಸೂ ಶಕ್ತಿ ಉಳದಿಲ್ಲ. ಅದನ್ನ ನೋಡಿ ಖರೇ ರೋಗದ ಕೂಡ ಹೆಂಗ ಬಡದಾಡಬೇಕಂತ ಮೈ ಕಲೀತೈತಿ."

"ಜೀವ ಐತೇನ ಅದಕ್ಕ?"

"ಕೊಂದಿಲ್ಲವ್ವಾ. ಕೆಟ್ಟತನ ಅಷ್ಟ ಕಳದಾರ."

ನಾವು ನೀರನ್ನೂ ಸೋಸಿ ಕುಡಿಯುವ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರು. ಕೊಲ್ಲದೆ ಕೆಡುಕನ್ನಷ್ಟೇ ಕಳೆದ ಆ ವಸ್ತು ಮಗಳು ಕೂಸಾಗಿದ್ದಾಗ ಒಂದು ದಿನ ನನ್ನ ಬಾಗಿಲಿಗೂ ಬಂದಿತ್ತು. ಹೊಳೆ ತುಂಬಿ ದೋಣಿ ತಡವಾಗಿ, ಆಗಿನ ನರ್ಸಬಾಯಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ವರ್ಷ ತುಂಬುವವರೆಗೆ ಹೊತ್ತು ಮುಳುಗಿದ ಮೇಲೆ ಕೂಸಿನ ಬಾಯಿಗೆ ಎದೆಹಾಲಲ್ಲದೆ ಏನನ್ನೂ ಹಾಕುವುದಿಲ್ಲ ಎಂದು ನಾನು ನೇಮ ಹಿಡಿದಿದ್ದೆ. ಹಾಗೆ ಮಾಡೆಂದು ಯಾವ ಮುನಿಗಳೂ ಹೇಳಿರಲಿಲ್ಲ. ಚಾತುರ್ಮಾಸದ ಹುರುಪಿನಲ್ಲಿ ನಾನೇ ಹಿಡಿದದ್ದು. "ಎರಡ ಹನಿ ಅಷ್ಟ, ತಂಗಿ" ಎಂದು ಆಕೆ ಅಂಗಲಾಚಿದಳು. ನಾಳೆ ನಾನೇ ದವಾಖಾನೆಗೆ ಬರುತ್ತೇನೆ ಎಂದೆ. ಮರುದಿನ ಹೊಲದಲ್ಲಿ ಕೆಲಸವಿತ್ತು. ಅದರ ಮರುದಿನವೂ ಇತ್ತು.

ಮೊಮ್ಮಗಳಿಗೆ ಹನಿ ಹಾಕಿಸಿ ಬಂದ ಆ ದಿನವೇ ಇದನ್ನೆಲ್ಲ ಮಗಳಿಗೆ ಹೇಳಿಬಿಟ್ಟೆ. ಅವಳು ಕೂಸಿನ ಬಾಯಿ ಒರೆಸುತ್ತಿದ್ದಳು.

"ಎಷ್ಟ ಹನಿ ಅಂದಿ?"

"ಎರಡ."

ಅತ್ತಿದ್ದರೆ, ಬೈದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಇರುತ್ತಿತ್ತು. ಅವಳು ಎದ್ದು ಒಳಗೆ ಹೋದಳು.

ಹತ್ತನೆಯ ವಾರದ ಹನಿಯ ದಿನ ಬಿಸಿಲು ಜೋರಿತ್ತು. ಮಗಳ ಕಾಲು ಪಟ್ಟಿ ಉಜ್ಜಿ ಹುಣ್ಣಾಗಿತ್ತು. ನಾನು ಬೆಳಗ್ಗೆಯೇ ಸೀರೆ ಉಟ್ಟು ಕೂಸನ್ನು ಎತ್ತಿಕೊಂಡು ನಿಂತಿದ್ದೆ.

"ನೀ ಕುಂಡ್ರ, ಮಗಳ. ನಾ ಹಾಕಿಸ್ಕೊಂಡ ಬರ್ತೇನಿ."

"ಬ್ಯಾಡವ್ವಾ" ಎಂದು ಅವಳು ಕೈ ಚಾಚಿದಳು. "ಕೊಡಿಲ್ಲೆ. ನಾನ ಹೊಕ್ಕೇನಿ."

ಕೊಟ್ಟೆ. ಎದೆಗೆ ಕೂಸನ್ನು ಕಟ್ಟಿಕೊಂಡು, ಗೋಡೆ ಹಿಡಿಯುತ್ತ, ಆ ಬಿಸಿಲಲ್ಲಿ ಅವಳು ಒಬ್ಬಳೇ ನಡೆದಳು. ನನ್ನನ್ನು ಬಾ ಎನ್ನಲಿಲ್ಲ.